ಮೂರನೇ ಮಹಡಿಯ ಕೆಸರು

ಚಂದಾಪುರದ ಭದ್ರಮ್ಮ ಸುಳ್ಳು ಹೇಳುವ ಹೆಂಗಸಲ್ಲ. ಆ ಕೆಲಸವನ್ನು ಗಂಡ ವೆಂಕಟೇಶಪ್ಪನೇ ನೋಡಿಕೊಳ್ಳುತ್ತಾನೆ. ಬಾಡಿಗೆ ಮನೆಗಳಿಗೆ ಪಾಯ ಅಗೆಯುವಾಗ ಸಿಕ್ಕಿದ ಬುದ್ಧನ ಕಲ್ಲುವಿಗ್ರಹವನ್ನು ಅವನು ಮೂರನೇ ಮಹಡಿಯ ಹಜಾರದಲ್ಲಿ ಕೂರಿಸಿದ್ದ. ಎಡಗೈ ಮಡಿಲಲ್ಲಿ, ಬಲಗೈ ಬೆರಳು ನೆಲಕ್ಕೆ.

ನೋಡಲು ಬಂದ ಇತಿಹಾಸದ ಮೇಡಂ ವನಜಾ, "ಸಾವಿರ ವರ್ಷದ್ದಿರಬಹುದು. ನಿನಗೆ ಸಾಕ್ಷಿ ಯಾರು ಅಂತ ತಪಸ್ಸು ಕೆಡಿಸೋಕೆ ಬಂದ ಮಾರ ಕೇಳ್ದಾಗ ಬುದ್ಧ ಭೂಮಿ ಮುಟ್ಟಿ ಸಾಕ್ಷಿಗೆ ಕರೆದ, ಅದೇ ಇದು" ಎಂದರು. "ಇಲ್ಲಿ ಮೊದ್ಲು ಕೆರೆ ಇತ್ತಾ?"

"ಯಾವ ಕೆರೆ ಮೇಡಂ? ತಾತನ ಕಾಲದಿಂದ್ಲೂ ರಾಗಿ ಹೊಲ ಇದು" ಎಂದ ವೆಂಕಟೇಶಪ್ಪ.

ಹಜಾರ ತಣ್ಣಗಾಯಿತು. ಎಲ್ಲಿಂದಲೋ ಪಾಚಿಯ ವಾಸನೆ ಬಂತು. ಮೇಡಂ ಹೋದ ಮೇಲೆ ಭದ್ರಮ್ಮ ನೋಡಿದರೆ, ಕಲ್ಲಿನ ಬೆರಳ ಕೆಳಗೆ ಟೈಲ್ಸ್ ಮೇಲೆ ಹಸಿ ಕೆಸರು. ಒರಸಿದಳು.

ಕೆರೆ ಒತ್ತುವರಿ ಸರ್ವೆಗೆ ಅಧಿಕಾರಿ ಬಂದ ದಿನ ವೆಂಕಟೇಶಪ್ಪ ಅದೇ ಮಾತನ್ನು ಮೂರು ಸಲ ಹೇಳಿದ. ಆಮೇಲೆ ನೋಡಿದರೆ, ಕೆಸರಿನ ಜೊತೆ ಬೆರಳುದ್ದದ ಮೀನೊಂದು ಒದ್ದಾಡುತ್ತಿತ್ತು.

"ನಿಜ ಹೇಳ್ಬಿಡ್ರೀ."

"ಮನೆ ಒಡೆದಾಕ್ತಾರೆ ಕಣೇ, ಸುಮ್ನಿರು."

ಭದ್ರಮ್ಮ ಮೀನನ್ನು ಚೊಂಬಿನ ನೀರಿಗೆ ಬಿಟ್ಟಳು. ಅದು ಈಗಲೂ ಬದುಕಿದೆ. ಸೋಮವಾರ ಅಧಿಕಾರಿ ಮತ್ತೆ ಬರುತ್ತಾರಂತೆ. ಅವಳು ದೊಡ್ಡ ಬಕೆಟ್ಟೊಂದನ್ನು ತೊಳೆದಿಟ್ಟಿದ್ದಾಳೆ.