ಮುನ್ನೀ ಗೆದ್ದ ಪುಸ್ತಕ

ಸುಮೋ ನನ್ನ ಬೈಕಿನ ಹಿಂದಿನ ಮಡ್‌ಗಾರ್ಡ್ ಮುಟ್ಟಿತು.

ಗುದ್ದಲಿಲ್ಲ. ಸುಮ್ಮನೆ ಮುಟ್ಟಿತು... ಇಲ್ಲೇ ಇದ್ದೇನೆ ಎಂದು ಹೇಳುವ ಹಾಗೆ.

ಕೈಲಾಂಚದ ರಸ್ತೆ. ಎರಡೂ ಕಡೆ ಹಿಪ್ಪುನೇರಳೆ ತೋಟ. ಕನ್ನಡಿಯಲ್ಲಿ ಕೆಂಪರಾಜುವಿನ ಮುಖ. ನನಗೆ ಈ ಕೆಲಸ ಕೊಟ್ಟ ಗಂಗಹನುಮಯ್ಯನ ಅಕ್ಕನ ಮಗ.

ಗಂಗಹನುಮಯ್ಯ ನಿಮಗೆ ಗೊತ್ತಿಲ್ಲದಿರಬಹುದು. ಬಿಡದಿಗೆ ಫ್ಯಾಕ್ಟರಿಗಳು ಬಂದ ಮೇಲೆ ರೈತರ ಜಮೀನು ಕೊಂಡು ಮಾರಿ ದೊಡ್ಡ ಮನುಷ್ಯನಾದವನು. ಸತ್ತ ಮುದುಕಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಂಡ ಬ್ರೋಕರ್ ಒಬ್ಬನ ಮೇಲೆ ಯಾರೋ ಕಾದಂಬರಿ ಬರೆದಿದ್ದರು. ಹೆಸರು ಬದಲಾಯಿಸಿದ್ದರು. ಮೀಸೆ ಬದಲಾಯಿಸಿರಲಿಲ್ಲ.

ಲೇಖಕರ ಹೆಸರಿಲ್ಲ. ಸ್ವಂತ ಖರ್ಚಿನ ಅಚ್ಚು. ಗಂಗಹನುಮಯ್ಯ ಪುಸ್ತಕದಂಗಡಿಗಳನ್ನು ಹೆದರಿಸಿದ. ಆಗ ಪುಸ್ತಕ ಇಂಟರ್‌ನೆಟ್‌ಗೆ ಹೋಯಿತು. ವಾರವಾರ ಬ್ಲಾಗಿನಲ್ಲಿ ಒಂದು ಪ್ರಶ್ನೆ. ಮೆಚ್ಚಿದ ಉತ್ತರಕ್ಕೆ ಪುಸ್ತಕ ಉಚಿತ, ಅಂಚೆಯಲ್ಲಿ.

“ಮಾರೋದಾದ್ರೆ ನಿಲ್ಲಿಸ್ಬೋದು ಕಣ್ಲಾ,” ಅಂದಿದ್ದ ಗಂಗಹನುಮಯ್ಯ. “ಬಿಟ್ಟಿ ಕೊಡೋರನ್ನ ಹೆಂಗ್ಲಾ ನಿಲ್ಲಿಸೋದು? ಯಾರು ಅಂತ ತಿಳ್ಕಂಡ್ ಬಾ. ಹೆಸರು ಸಾಕು.”

ರಾಮನಗರದ ಸೈಬರ್ ಕೆಫೆಯಲ್ಲಿ ಕೂತು ಮುನ್ನೀ ಎಂಬ ಹೆಂಗಸಿನ ಸುಳ್ಳು ಹೆಸರು ಹಾಕಿದೆ. ಆ ವಾರದ ಪ್ರಶ್ನೆ: ನೀವು ಕಳೆದುಕೊಂಡ ಹೊಲದ ಹೆಸರೇನು?

ಏನೋ ಒಂದು ಸುಳ್ಳು ಬರೆದು ಅಳಿಸಿದೆ. ಆಮೇಲೆ ನಮ್ಮ ಹೊಲದ ನಿಜವಾದ ಹೆಸರನ್ನೇ ಬರೆದೆ.

ಗೆದ್ದೆ. ಕೆಫೆಯ ವಿಳಾಸಕ್ಕೆ ಪ್ಯಾಕೆಟ್ ಬಂತು. ಕಳಿಸಿದವರ ವಿಳಾಸವಿರಲಿಲ್ಲ. ಆದರೆ ಮಳೆಗೆ ನೆನೆಯದಿರಲೆಂದು ಪುಸ್ತಕಕ್ಕೆ ಸುತ್ತಿದ್ದು ಮೇಣದ ಕಾಗದ. ಚಾಕಿ ಮನೆಯಲ್ಲಿ ರೇಷ್ಮೆಯ ಮರಿಹುಳುಗಳ ತಟ್ಟೆಗೆ ಹೊದಿಸುವಂಥದು. ಅಂಚಿನಲ್ಲಿ ಸೊಪ್ಪಿನ ಚೂರು ಅಂಟಿಕೊಂಡಿತ್ತು. ಹುಳು ಸಾಕುವವರಿಗೆ ಅದು ಮನೆಯಲ್ಲಿ ಬಿದ್ದಿರುವ ಕಾಗದ, ಅಷ್ಟೆ. ಅದೇ ಒಂದು ವಿಳಾಸವೆಂದು ಅವರಿಗೆ ಹೊಳೆಯುವುದಿಲ್ಲ.

ಈ ಕಡೆಗೆ ಚಾಕಿ ಮನೆ ಇದ್ದದ್ದು ಒಂದೇ. ಅಲ್ಲಿಗೇ ಹೊರಟಿದ್ದೆ.

ಹೆಸರು ಸಾಕು ಅಂದಿದ್ದ ಗಂಗಹನುಮಯ್ಯ. ಹೆಸರು ಕೇಳುವುದಕ್ಕೆ ಸುಮೋ ಬೇಕಾಗಿಲ್ಲ. ಕೆಂಪರಾಜು ಕಿಟಕಿಯಿಂದ ಹೊರಗೆ ಚಾಚಿದ್ದ ಕಬ್ಬಿಣದ ರಾಡಂತೂ ಬೇಕಾಗಿಯೇ ಇಲ್ಲ.

ಬೈಕನ್ನು ತೋಟದ ಸಾಲುಗಳ ನಡುವೆ ನುಗ್ಗಿಸಿದೆ. ಕೊಂಬೆಗಳು ಮುಖಕ್ಕೆ ಬಾರಿಸಿದವು, ಕಾಲು ಗೀರಿದವು. ಸುಮೋ ಸುತ್ತಿಕೊಂಡು ಬರಬೇಕು.

ಚಾಕಿ ಮನೆಯ ಬಾಗಿಲಲ್ಲಿ ಒಬ್ಬ ಹುಡುಗಿ ಕೈ ಅಡ್ಡ ಹಿಡಿದಳು.

“ಚಪ್ಲಿ ಬುಡಿ. ಕಾಲ್ ತೊಳ್ಕಳಿ.”

“ಟೈಮಿಲ್ಲ. ಹಿಂದೆ ಜನ ಬತ್ತಾವ್ರೆ.”

“ಹುಳ ಸಾಯ್ತವೆ.”

ತೊಳೆದೆ. ಬ್ಲೀಚಿಂಗ್ ನೀರಿಗೆ ಗೀರುಗಳು ಉರಿದವು. ಜೇಬಿನಿಂದ ತೆಗೆದ ಮೇಣದ ಕಾಗದದ ಮೇಲಿನ ಹೆಸರನ್ನು ಅವಳು ನೋಡಿದಳು.

“ಮುನ್ನೀ?”

“ಹೌದು.”

“ಗಂಡಸು ಅಂತ ಅವತ್ತೇ ಗೊತ್ತಾಯ್ತು. ಹೆಂಗಸ್ರಾಗಿದ್ರೆ ಹೊಲದ ಹೆಸರು ಹೇಳಿ ಸುಮ್ಕಾಯ್ತಿರ್ಲಿಲ್ಲ. ಯಾರು ಕಳೆದ್ರು ಅಂತಾನೂ ಬರೀತಿದ್ರು.”

ಅವಳ ಹೆಸರು ಶ್ವೇತ. ಸತ್ತ ಮುದುಕಿ ಕೆಂಚಮ್ಮ ಅವಳ ಅಜ್ಜಿ.

“ಹೆಣ ತೊಳೆದೋಳು ನಾನು,” ಅಂದಳು. “ಹೆಬ್ಬೆಟ್ಟಿನ ಮಸಿ ಮಾತ್ರ ಹೋಗ್ನಿಲ್ಲ.”

ಹೊರಗೆ ಸುಮೋ ನಿಂತ ಸದ್ದು.

“ಹಿಂದ್ಗಡೆಯಿಂದ ಓಡು.”

“ಇಷ್ಟು ಹುಳ ಬುಟ್ಟು ಎಲ್ಲಿಗೋಡ್ಲಿ?”

ಕೆಂಪರಾಜು ಶೂ ಹಾಕಿಕೊಂಡೇ ಒಳಗೆ ಬಂದ. ಬಾಯಲ್ಲಿ ಸಿಗರೇಟು, ಕೈಯಲ್ಲಿ ರಾಡು. ಶ್ವೇತಳನ್ನು ಮೇಲಿಂದ ಕೆಳಗೆ ನೋಡಿದ.

“ಇವ್ಳೇನ್ಲಾ?”

“ಸಿಗರೇಟ್ ಆಚೆ ಎಸೀರಣ್ಣ,” ಅಂದಳು ಅವಳು. ಹತ್ತಿರದ ತಟ್ಟೆಗೆ ಕಾಗದ ಹೊದಿಸಿದಳು.

“ನಾನು,” ಅಂದೆ.

“ಏನ್ಲಾ ನೀನು?”

“ಬುಕ್ ಬರೆದೋನು.”

ಅವನು ನಕ್ಕ. “ಸೈನ್ ಹಾಕೋಕೆ ಒದ್ದಾಡ್ತೀಯ, ನೀನ್ ಕಾದಂಬರಿ ಬರೆದ್ಯಾ? ಮುದುಕಿ ವಿಚಾರ ನಿಂಗೆಂಗ್ಲಾ ಗೊತ್ತು?”

“ನಿಮ್ಮಾವ ಕುಡಿದಾಗ ಹೇಳ್ದ. ನಿಂಗೂ ಹೇಳಿರ್ಬೇಕಲ್ಲ?”

ನಗು ನಿಂತಿತು. ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುತ್ತಿದ್ದವು. ಮಾವ ಅವನಿಗೂ ಹೇಳಿದ್ದ.

“ಮತ್ತೆ ಇಲ್ಲಿಗ್ಯಾಕ್ ಬಂದೆ?”

“ಸುತ್ತೋ ಕಾಗದ ಇಲ್ಲೇ ತಗಳ್ಳೋದು. ಅದೆಂತಕ್ಕೆ ಅಂತ ಈಯಮ್ಮಂಗೆ ಗೊತ್ತಿಲ್ಲ.”

ಶ್ವೇತ ಬಾಯಿ ತೆರೆದಳು. ನಾನು ಅವಳ ಕಡೆ ನೋಡಿದೆ. ಅವಳು ಬಾಯಿ ಮುಚ್ಚಿದಳು. ಅದು ಅವಳಿಗೆ ಸುಲಭವಾಗಿರಲಿಲ್ಲ.

“ಆಚೆ ನಡಿ,” ಅಂದ ಕೆಂಪರಾಜು.

ಬಲಗೈಯಿಂದ ಶುರು ಮಾಡಿದ. ಬರೆಯುವ ಕೈ ಎಂದು. ನಾನು ಎಡಚ ಎಂದು ಹೇಳಲು ಹೋಗಲಿಲ್ಲ.

ಪುಸ್ತಕ ಬರೆದವನ ಕೈ ಮುರಿಸಿದೆ ಎಂದು ಗಂಗಹನುಮಯ್ಯ ತಾಲ್ಲೂಕೆಲ್ಲ ಹೇಳಿಕೊಂಡು ತಿರುಗಿದ. ಅಂಥದೊಂದು ಪುಸ್ತಕವಿದೆ ಎಂದು ಗೊತ್ತಿಲ್ಲದವರಿಗೂ ಹಾಗೆ ಗೊತ್ತಾಯಿತು. ಬ್ಲಾಗಿನಲ್ಲಿ ಮುಂದಿನ ವಾರದ ಪ್ರಶ್ನೆಯೂ ಬಂತು.

ಆಸ್ಪತ್ರೆಯ ಕಾಂಪೌಂಡರ್ ಹುಚ್ಚಯ್ಯ ಬ್ಯಾಂಡೇಜ್ ಬಿಗಿಯುತ್ತ ಕಿವಿಯ ಹತ್ತಿರ ಬಗ್ಗಿದ.

“ಸಾ, ಆ ಬುಕ್ಕು ನಂಗೂ ಒಂದ್ ಸಿಕ್ಕದಾ? ಫ್ರೀಯಾಗ್ ಕೊಡ್ತಾರಂತಲ್ಲ.”

“ಬ್ಲಾಗಲ್ಲಿ ಪ್ರಶ್ನೆಗೆ ಉತ್ತರ ಬರ್ದು ಅಡ್ರೆಸ್ ಹಾಕು,” ಅಂದೆ. “ನಿನ್ ಮನೇದ್ ಮಾತ್ರ ಹಾಕ್ಬೇಡ.”