ಕೊನ್ಸ್ವೆಲೊ ಎಂಬ ಬಿಂದುಶ್ರೀ

"ನನ್ನ ನೋಡಿದ್ರೆ ಗಂಡಸಿನ ಥರ ಕಾಣ್ತೀನಾ ಸರ್?"

ಇಡೀ ಕ್ಲಾಸು ತಿರುಗಿ ನೋಡಿತು.

ಮಲ್ಲೇಶ್ವರಂ ಹದಿಮೂರನೇ ಕ್ರಾಸಿನ ಮಹಡಿಯಲ್ಲಿ ಅವತ್ತು ಸ್ಪ್ಯಾನಿಷ್ ಕ್ಲಾಸಿನ ಮೊದಲ ದಿನ. ಮೇಷ್ಟ್ರು ಗೌರೀಶ್ ಎಲ್ಲರಿಗೂ ಒಂದೊಂದು ಸ್ಪ್ಯಾನಿಷ್ ಹೆಸರಿಟ್ಟಿದ್ದ. ತ್ರಿಪುರಸುಂದರಿ ಆಂಟಿಗೆ ಮಾರಿಯಾ. ಅಪ್ಪನ ತರಕಾರಿ ಅಂಗಡಿಯಿಂದ ನುಗ್ಗೇಕಾಯಿ ಕಟ್ಟಿನ ಸಮೇತ ತಡವಾಗಿ ಓಡಿಬಂದ ಬಿಂದುಶ್ರೀಗೆ ಮಾತ್ರ... ಕೊನ್ಸ್ವೆಲೊ!

"ಪೆದ್ರೊ, ಪಾಬ್ಲೊ... 'ಓ' ಅಂತ ಮುಗಿದ್ರೆ ಗಂಡಸು ಅಂತ ಬೋರ್ಡ್ ಮೇಲೆ ನೀವೇ ಬರೆದಿದೀರಲ್ಲ!"

"ಅದು ಹೆಣ್ಣು ಹೆಸರೇ ರೀ. ಅಪ್ಪಟ ಹಳೇ ಕಾಲದ್ದು," ಎಂದ ಗೌರೀಶ್, ನಗು ತಡೆಯಲು ಹೋಗಿ ಕೆಮ್ಮಿದ.

'ನಗ್ತಾನಾ! ಆದ್ರೂ ಆ ಕೆನ್ನೆಯ ಗುಳಿ... ಛೀ ಬಿಂದು, ಪಾಠ ಕೇಳು!'

ಕೇಳಿದಳು. ಪಾಠಕ್ಕಿಂತ ಮೇಷ್ಟ್ರ ದನಿಯನ್ನೇ ಹೆಚ್ಚು ಕೇಳಿದಳು. ಬರುಬರುತ್ತಾ ಕ್ಲಾಸ್ ಮುಗಿದ ಮೇಲೆ ಇಬ್ಬರಿಗೂ ಬೈಟು ಕಾಫಿ ಅಭ್ಯಾಸವಾಯಿತು. ಸ್ಪ್ಯಾನಿಷ್‌ನಲ್ಲಿ ಬದನೆಕಾಯಿಗೆ ಏನಂತಾರೆ ಎಂದು ಅವನು ಹೇಳಿಕೊಡುವಾಗಲೂ ಅವಳ ಎದೆ ಡವಡವ!

ಬೆಂಕಿ ಹಚ್ಚಿದ್ದು ತ್ರಿಪುರಸುಂದರಿ ಆಂಟಿ.

"ಪಾಪ ಕಣೇ ಗೌರೀಶ್. ಎಂಗೇಜ್‌ಮೆಂಟ್ ಆಗಿದ್ದ ಹುಡುಗಿ ಬೇಡ ಅಂದ್ಬಿಟ್ಳಂತೆ. ನಮ್ಮ ಕ್ಲಾಸ್ ಶುರುವಾಗೋಕೆ ಸ್ವಲ್ಪ ಮುಂಚೆ. ಅಂದಹಾಗೆ, ನಿನ್ನ ಹೆಸರಿನ ಅರ್ಥ ನೋಡಿದ್ಯಾ?"

ಬಿಂದು ಫೋನಿನಲ್ಲಿ ಹುಡುಕಿದಳು. ಕೊನ್ಸ್ವೆಲೊ ಅಂದರೆ... ಸಮಾಧಾನ.

ಸಮಾಧಾನ?!

ಹೈಸ್ಕೂಲಿನ ಭಾವಗೀತೆ ಸ್ಪರ್ಧೆ ನೆನಪಾಯಿತು. ಮೊದಲ ಬಹುಮಾನ ಯಾರಿಗೋ, ಎರಡನೆಯದು ಇನ್ಯಾರಿಗೋ. ಕೊನೆಗೆ ಮೈಕಿನಲ್ಲಿ, "ಸಮಾಧಾನಕರ ಬಹುಮಾನ, ಬಿಂದುಶ್ರೀ!" ಕೈಗೆ ಸಿಕ್ಕಿದ್ದು ಪ್ಲಾಸ್ಟಿಕ್ ಸೋಪ್ ಡಬ್ಬಿ.

'ಓಹೋ! ಮೊದಲ ಬಹುಮಾನ ಕೈತಪ್ಪಿತು ಅಂತ ನಾನು ಸೋಪ್ ಡಬ್ಬಿ!'

ಅವಳು ಕ್ಲಾಸಿಗೆ ಹೋಗುವುದು ಬಿಟ್ಟಳು. ಫೋನ್ ಎತ್ತಲಿಲ್ಲ. ಅಂಗಡಿಯಲ್ಲಿ ಕೂತು, ಈರುಳ್ಳಿ ಹೆಚ್ಚದೆಯೇ ಅತ್ತಳು.

ಭಾನುವಾರ ಬೆಳಿಗ್ಗೆ ಗೌರೀಶ್ ಅಂಗಡಿಗೇ ಬಂದ.

"ಏನ್ ಕೊಡ್ಲಿ ಸರ್?" ಬಿಂದು ಅಪ್ಪ ಅಣ್ಣಯ್ಯಪ್ಪ ಕೇಳಿದರು.

"ಬಿಂದು... ಅಲ್ಲಲ್ಲ, ಬೀನ್ಸ್! ಅರ್ಧ ಕೆಜಿ!"

ಮೂಲೆಯಲ್ಲಿದ್ದ ಅಜ್ಜಿ ಪಿಳ್ಳಮ್ಮ ಕನ್ನಡಕ ಏರಿಸಿದರು.

ಬಿಂದು ತಕ್ಕಡಿ ಕುಕ್ಕಿದಳು. "ಅಜ್ಜಿ, ಇವರೇ ಆ ಮೇಷ್ಟ್ರು! ಆ ಹುಡುಗಿ ಬೇಡ ಅಂದ್ಲು ಅಂತ ನಂಗೆ ಸಮಾಧಾನಕರ ಬಹುಮಾನ ಅಂತ ಹೆಸರಿಟ್ಟಿದಾರೆ!"

"ಬಹುಮಾನನಾ? ಅಯ್ಯೋ, ಅಲ್ಲ ರೀ!" ಗೌರೀಶ್ ಬೆವೆತುಹೋದ. "ಸ್ಪೇನ್‌ನಲ್ಲಿ ಮೇರಿ ಮಾತೆಗೆ ಎಷ್ಟೋ ಬಿರುದುಗಳಿವೆ. ನೊಂದೋರನ್ನ ಸಂತೈಸೋ ತಾಯಿ ಅನ್ನೋದು ಒಂದು. ಆ ಸಂತೈಸೋದಕ್ಕೇ ಕೊನ್ಸ್ವೆಲೊ ಅಂತಾರೆ, ಲ್ಯಾಟಿನ್‌ನಿಂದ ಬಂದ ಮಾತು. ಅದನ್ನೇ ಹೆಣ್ಣುಮಕ್ಕಳಿಗೆ ಇಡ್ತಾರೆ. ಅದಕ್ಕೇ 'ಓ' ಇದ್ರೂ ಹೆಣ್ಣು ಹೆಸರು."

"ಅಂದ್ರೆ ನಮ್ಮ ಅಣ್ಣಮ್ಮನ ಹಂಗೆ, ದೇವ್ರ ಹೆಸ್ರು!" ಪಿಳ್ಳಮ್ಮ ಗಲ್ಲ ಬಡಿದುಕೊಂಡರು. "ಇದಕ್ಕಾ ಇಷ್ಟು ದಿನ ಅತ್ತಿದ್ದು, ಕತ್ತೆ!"

ಬಿಂದು ದನಿ ತಗ್ಗಿತು. "ಆದ್ರೆ... ನಂಗೇ ಯಾಕೆ ಆ ಹೆಸರು?"

"ಆಗ ನಗೋದೇ ಮರೆತುಹೋಗಿತ್ತು ನಂಗೆ. ನುಗ್ಗೇಕಾಯಿ ಬಾಗಿಲಿಗೆ ಅಡ್ಡ ಸಿಕ್ಕೊಂಡು, ನೀವು ಒಳಗೂ ಬರದೆ ಹೊರಗೂ ಹೋಗದೆ 'ಸಾರಿ ಸರ್' ಅಂದ್ರಿ ನೋಡಿ... ನಕ್ಬಿಟ್ಟೆ. ಎದೆ ಹಗುರ ಆಯ್ತು. ಬೇರೆ ಹೆಸರು ಹೊಳೀಲೇ ಇಲ್ಲ."

ಬಿಂದು ಕಣ್ಣು ತುಂಬಿತು...

"ಸರ್, ಬೀನ್ಸ್ ಅರ್ಧ ಕೆಜಿ ಸಾಕಾ?" ಅಣ್ಣಯ್ಯಪ್ಪ ನಡುವೆ ಬಾಯಿ ಹಾಕಿದರು.

"ಅಪ್ಪಾ!"

ಪಿಳ್ಳಮ್ಮ ಮಗನ ತೋಳು ಹಿಡಿದೆಳೆದರು. "ಬಾರೋ, ಒಳಗೆ ಆಲೂಗೆಡ್ಡೆ ಮೂಟೆ ಜೋಡ್ಸೋಣ."

ಈಗ ಇಬ್ಬರೇ.

"ನೀವು ಯಾರ ಬದಲಿಗೂ ಅಲ್ಲ," ಎಂದ ಗೌರೀಶ್ ಮೆಲ್ಲಗೆ. "ನಂಗೆ ನೀವು ಇಷ್ಟ ಬಿಂದು. ತುಂಬಾ."

ಅವಳು ಟೊಮೆಟೊಗಿಂತ ಕೆಂಪಾದಳು. "ಕೊನ್ಸ್ವೆಲೊ ಅಂತ ಅಷ್ಟುದ್ದದ ಹೆಸರು... ದಿನಾ ಕರೀತೀರಾ?"

"ಅಲ್ಲಿ ಮುದ್ದಾಗಿ ಚೆಲೊ ಅಂತಾರೆ."

"ಚೆಲೊ? ಇದು ನಮ್ಮ ಚೆಲುವೆ ಥರಾನೇ ಇದೆಯಲ್ಲ!"

"ಹಂಗಾದ್ರೆ ಚೆಲುವೆ ಅಂತಾನೇ ಕರೀಲಾ?"

"ಅಪ್ಪನ ಮುಂದೆ ಬೇಡ... ಈಗ ಒಂದ್ಸಲ ಕರೀರಿ. ಯಾರಿಗೂ ಕೇಳಿಸಲ್ಲ."

"ಹೂಂ, ನಮಗೇನೂ ಕೇಳಿಸ್ತಿಲ್ಲ!" ಒಳಗಿನಿಂದ ಅಜ್ಜಿ ಕೂಗಿದರು.

ಗೌರೀಶ್ ಹತ್ತಿರ ಬಗ್ಗಿದ.

"ಚೆಲುವೆ..."

"ಏನ್ರೀ?"