ನಲ್ಲೂರು ಸ್ಟುಡಿಯೋದ ದೊಡ್ಡ ಡಿಸ್ಕ್

ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಲ್ಲೂರಿನ ಫೋಟೊ ಸ್ಟುಡಿಯೋ ಮಾಲೀಕ ಪ್ರವೀಣ್ ಕುಮಾರ್ ಚನ್ನಗಿರಿ ಠಾಣೆಗೆ ಬಂದು ದೂರು ಕೊಟ್ಟ. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕಳುವಾಗಿತ್ತು. ಜನರ ಮದುವೆ ವಿಡಿಯೊಗಳೆಲ್ಲ ಅದರಲ್ಲೇ ಇದ್ದವು. ಪಿಎಸ್‌ಐ ಉಷಾರಾಣಿ ಎಫ್‌ಐಆರ್ ದಾಖಲಿಸಿಕೊಂಡರು.

"ಸಿಕ್ಕರೆ ತೆರೆಯಾಕೆ ಹೋಗಬೇಡ್ರಿ ಮೇಡಂ. ಹಂಗೇ ನನ್ನ ಕೈಗೆ ಕೊಡ್ರಿ," ಎಂದು ಅವನು ಮೂರು ಸಲ ಹೇಳಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಉಷಾರಾಣಿ ಬೇಕಾದಷ್ಟು ಕಂಡಿದ್ದರು. ಇವನನ್ನು ಯಾರೂ ಕಳ್ಳ ಎಂದೇ ಇರಲಿಲ್ಲ.

ಸ್ಟುಡಿಯೋದಲ್ಲಿ ಕಾನ್‌ಸ್ಟೇಬಲ್ ಬೈಲಪ್ಪ ಪಂಚನಾಮೆ ಬರೆಯತೊಡಗಿದ. ಬೀಗ ಮುರಿದಿರಲಿಲ್ಲ. ಪ್ರವೀಣ್ ಕುಮಾರ್ ಬೆಳಿಗ್ಗೆಯೇ ಬಿಚ್ಚಿ ನೋಡಿದ್ದ ಕಂಪ್ಯೂಟರಿನಲ್ಲಿ, ದೊಡ್ಡ ಡಿಸ್ಕಿನ ಗೂಡಿನಲ್ಲಿ ಲ್ಯಾಪ್‌ಟಾಪಿನ ಪುಟ್ಟ ಡಿಸ್ಕೊಂದು ಅಪ್ಪನ ಅಂಗಿ ತೊಟ್ಟ ಮಗುವಿನ ಹಾಗೆ ಸಡಿಲವಾಗಿ ಜೋತುಬಿದ್ದಿತ್ತು. ಡಿಸ್ಕ್ ಕೆಟ್ಟಿದೆ ಎಂದುಕೊಂಡು ಮಾಲೀಕ ಒಂದೆರಡು ದಿನ ಸುಮ್ಮನಿರಲಿ ಎಂಬುದು ಕಳ್ಳರ ಉಪಾಯ. ಅದರ ಮೇಲೆ ಹೊನ್ನಾಳಿಯ ರಿಪೇರಿ ಅಂಗಡಿಯೊಂದರ ವಾರಂಟಿ ಸ್ಟಿಕ್ಕರ್ ಇತ್ತು.

"ಕೆಲಸಕ್ಕೆ ಯಾರಿದ್ದಾರೆ?" ಉಷಾರಾಣಿ ಮಾಲೀಕನನ್ನು ಕೇಳಿದರು.

"ಎಡಿಟಿಂಗಿಗೆ ಚೈತ್ರಶ್ರೀ. ಬಿಳಿಚೋಡಿನವಳು. ಇವತ್ತು ರಜ."

ಮಧ್ಯಾಹ್ನ ಹೊನ್ನಾಳಿಯಲ್ಲಿ ಅಂಗಡಿಯ ಓಂಕಾರ್ ಸ್ಟಿಕ್ಕರ್ ನೋಡಿದವನೇ ಬೆವೆತ.

"ಚೈತ್ರಶ್ರೀ ಲ್ಯಾಪ್‌ಟಾಪಿಗೆ ನಾನೇ ಹಾಕಿದ್ದು ಮೇಡಂ. ಇವತ್ತು ದೊಡ್ಡ ಡಿಸ್ಕ್ ತಂದು ಲ್ಯಾಪ್‌ಟಾಪಿಗೆ ಕೂರಿಸ್ರಿ ಅಂದ್ಲು. ಚಿಕ್ಕದು ದೊಡ್ಡದರ ಜಾಗದಾಗೆ ಹೆಂಗೋ ಕೂರ್ತೈತೆ, ದೊಡ್ಡದು ಚಿಕ್ಕದರಾಗೆ ಹಿಡಿಯಲ್ಲ. ಯುಎಸ್‌ಬಿ ವೈರಿನ ಕರೆಂಟೂ ಅದಕ್ಕೆ ಸಾಲಲ್ಲ, ಬೇರೆ ಅಡಾಪ್ಟರ್ ಬೇಕು."

"ಈಗೆಲ್ಲಿದಾಳೆ?"

"ಒಳಗೇ ಅದಾಳೆ. ನನ್ನ ಕಂಪ್ಯೂಟರಿಗೆ ಹಾಕಿ ಕಾಪಿ ಮಾಡ್ತಾ ಅದಾಳೆ."

ಪೊಲೀಸರನ್ನು ಕಂಡು ಚೈತ್ರಶ್ರೀ ಓಡಲಿಲ್ಲ. "ಐದು ನಿಮಿಷ ಕೊಡ್ರಿ ಮೇಡಂ, ಮುಗೀತೈತೆ," ಎಂದಳು.

ಪರದೆಯ ಮೇಲೆ ಮೈನೆರೆದ ಹುಡುಗಿಗೆ ಆರತಿ ಎತ್ತುತ್ತಿದ್ದರು. ಆಮೇಲೆ ಮೀಸೆಯ ಗಂಡಸೊಬ್ಬ ಬಂದು ಅವಳ ಕೊರಳಿಗೆ ತಾಳಿ ಕಟ್ಟಿದ. ಉಷಾರಾಣಿ ಪರದೆಯ ಹತ್ತಿರಕ್ಕೆ ಬಗ್ಗಿದರು.

"ಯಾರಿದು?"

"ನನ್ನ ತಂಗಿ. ಒಂಬತ್ತನೇ ಕ್ಲಾಸು. ಕೇಳಿದ್ರೆ ಊರೋರೆಲ್ಲ ಬರೀ ಆರತಿ ಶಾಸ್ತ್ರ ಅಂತಾರೆ. ತಾಳಿ ಕಟ್ಟಿದ್ದಕ್ಕೆ ಇದೊಂದೇ ಸಾಕ್ಷಿ. ಅದನ್ನ ಅಳಿಸಿಬಿಡು ಅಂದ್ರು ಮಾಲೀಕರು, ಅಲ್ಲಿ ಕಾಪಿ ಮಾಡಾಕೆ ಬಿಡಲಿಲ್ಲ. ನಾಳೆ ಗಂಡನ ಮನೆಗೆ ಕಳಿಸ್ತಾರೆ."

ಉಷಾರಾಣಿ ಅಲ್ಲೇ ನಿಂತು ಬಾಲ್ಯವಿವಾಹ ತಡೆಯುವ ಅಧಿಕಾರಿಯಾದ ಜಗಳೂರಿನ ಸಿಡಿಪಿಒಗೆ, ಬಿಳಿಚೋಡು ಪೊಲೀಸರಿಗೆ ಫೋನ್ ಮಾಡಿದರು. ಪ್ರವೀಣ್ ಕುಮಾರನನ್ನು ಠಾಣೆಯಲ್ಲಿ ಕೂರಿಸಲು ಹೇಳಿದರು. ಆಮೇಲೆ ಡಿಸ್ಕ್ ಜಪ್ತಿ ಮಾಡಿ ಚೈತ್ರಶ್ರೀಯನ್ನು ಬಂಧಿಸಿದರು. ಕಳವು ಕಳವೇ.

"ಅದನ್ನ ಮಾಲೀಕರಿಗೆ ವಾಪಸ್ ಕೊಡ್ತೀರಾ ಮೇಡಂ?"

"ಈಗ ಅದು ಮುದ್ದೇಮಾಲು. ಕೋರ್ಟ್ ಹೇಳೋವರೆಗೂ ಯಾರ ಕೈಗೂ ಹೋಗಲ್ಲ."

ಸಂಜೆಯ ಹೊತ್ತಿಗೆ ಹುಡುಗಿಯನ್ನು ಬಾಲಮಂದಿರಕ್ಕೆ ಕರೆತಂದ ಸುದ್ದಿ ಬಂತು. ಚೈತ್ರಶ್ರೀ ಅತ್ತಳು. ಬೈಲಪ್ಪ ಅವಳ ವಿವರ ಬರೆದುಕೊಳ್ಳುತ್ತಿದ್ದ.

"ಮದುವೆ ಆಗೈತೇನಮ್ಮ?"

"ಹದಿನೈದು ವರ್ಷಕ್ಕೇ ಆತು," ಎಂದಳು. "ಅವತ್ತೂ ಆರತಿ ಅಂತಾನೇ ಅಂದಿದ್ರು. ನಂದನ್ನ ಯಾರೂ ವಿಡಿಯೊ ಮಾಡಿರಲಿಲ್ಲ."